ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾಡಿಗೆಯ ಆದಾಯಕ್ಕೆಂದು ಮನೆ ಕೊಳ್ಳುವ ಮುನ್ನ

ತುಮಕೂರು ನಗರದಲ್ಲಿ ಮತ್ತು ಅದರ ಸುತ್ತಮುತ್ತ ಬಾಡಿಗೆಗೆಂದು ಮನೆ ಕೊಳ್ಳುವ, ಕಟ್ಟಿಸುವ ಹಾಗೂ ಬಾಡಿಗೆಗೆ ಕೊಡುವ ವಿಚಾರವಾಗಿ ಬಂದ ಐದು ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದ್ದು, ಬರೆದವರ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ಪ್ರೌಢಶಾಲೆಯ ಶಿಕ್ಷಕನಾಗಿದ್ದು ಇತ್ತೀಚೆಗೆ ನಿವೃತ್ತನಾಗಿದ್ದೇನೆ. ತಿಪಟೂರಿನಲ್ಲಿ ಸ್ವಂತ ಮನೆಯಿದೆ, ಪಿಂಚಣಿ ಬರುತ್ತದೆ. ನಿವೃತ್ತಿಯಿಂದ ಒಟ್ಟು 46 ಲಕ್ಷ ರೂಪಾಯಿ ಕೈಗೆ ಬಂದಿದೆ. ತುಮಕೂರಿನ ಕ್ಯಾತ್ಸಂದ್ರದ ಕಡೆ ನೆಲಮಹಡಿ ಮತ್ತು ಮೊದಲ ಮಹಡಿ ಇರುವ ಮನೆಯೊಂದು 58 ಲಕ್ಷಕ್ಕೆ ಇದೆ. ಎರಡೂ ಮನೆಗಳಿಂದ ತಿಂಗಳಿಗೆ 18 ಸಾವಿರ ಬಾಡಿಗೆ ಬರುತ್ತದೆಂದು ಮಧ್ಯವರ್ತಿ ಹೇಳುತ್ತಾರೆ. ಕೊರತೆಯಾಗುವ 12 ಲಕ್ಷವನ್ನು ಮಗನಿಂದ ಪಡೆದು ಕೊಳ್ಳಬಹುದೇ? — ತಿಪಟೂರು

ಉತ್ತರ: ಈ ಲೆಕ್ಕದಲ್ಲಿ ಕೊಳ್ಳಬೇಡಿ ಎಂಬುದೇ ನಮ್ಮ ಸಲಹೆ. ನಿಮ್ಮ ಜೀವಮಾನದ ಗಳಿಕೆ ಇದರಲ್ಲಿ ಅಡಗಿರುವುದರಿಂದ ಕಾರಣಗಳನ್ನು ವಿವರವಾಗಿ ಹೇಳಬೇಕಾಗಿದೆ.

ಮೊದಲು ಮನೆಯ ನಿಜವಾದ ಬೆಲೆಯನ್ನು ನೋಡಿ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಅಧಿಭಾರ, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕ ಇವೆಲ್ಲ ಸೇರಿದರೆ ಸುಮಾರು ಶೇ 7.6 ಆಗುತ್ತದೆ. ಹಾಗಾಗಿ 58 ಲಕ್ಷದ ಮನೆಗೆ ಇನ್ನೂ 4.4 ಲಕ್ಷ ಸೇರಿ, ನೀವು ಹೂಡುವ ಹಣ 62 ಲಕ್ಷವನ್ನು ದಾಟುತ್ತದೆ. ಮಧ್ಯವರ್ತಿಯ ಕಮಿಷನ್, ವಕೀಲರ ಶುಲ್ಕ ಮತ್ತು ಬಣ್ಣದ ಖರ್ಚು ಬೇರೆ. ವರ್ಷಕ್ಕೆ 2.16 ಲಕ್ಷ ಬಾಡಿಗೆ ಎಂದರೆ ಈ ಮೊತ್ತಕ್ಕೆ ಶೇ ಮೂರೂವರೆಯಷ್ಟೇ ಆಯಿತು. ಅದೂ ಎರಡು ಮನೆಗಳೂ ಹನ್ನೆರಡು ತಿಂಗಳೂ ತುಂಬಿದ್ದು, ಒಂದು ರೂಪಾಯಿಯೂ ಖರ್ಚಾಗದಿದ್ದರೆ ಬರುವ ಆದಾಯ. ಬಾಡಿಗೆದಾರರು ಬದಲಾಗುವಾಗ ವರ್ಷಕ್ಕೆ ಸರಾಸರಿ ಒಂದು ತಿಂಗಳು ಮನೆಗಳು ಖಾಲಿ ಇರುತ್ತವೆ ಎಂದುಕೊಳ್ಳಿ. ಆಸ್ತಿ ತೆರಿಗೆಯನ್ನೂ ಮೋಟಾರು, ಪೈಪು, ಸುಣ್ಣಬಣ್ಣಗಳ ದುರಸ್ತಿಯನ್ನೂ ಕಳೆಯಿರಿ. ವರ್ಷಕ್ಕೆ 1.7 ಲಕ್ಷ ಉಳಿದರೆ ಅದೇ ಹೆಚ್ಚು. ಹೂಡಿದ ಹಣಕ್ಕೆ ಅದು ಶೇ ಮೂರನ್ನೂ ಮುಟ್ಟುವುದಿಲ್ಲ.

ಇದರ ಎದುರಿಗೆ ಅಂಚೆ ಕಚೇರಿಯಲ್ಲಿಯೂ ಬ್ಯಾಂಕುಗಳಲ್ಲಿಯೂ ಸಿಗುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ಇಟ್ಟು ನೋಡಿ. ಒಬ್ಬರು ಗರಿಷ್ಠ 30 ಲಕ್ಷ ತೊಡಗಿಸಬಹುದಾದ ಈ ಯೋಜನೆಗೆ 2023ರ ಏಪ್ರಿಲ್‌ನಿಂದ ಶೇ 8.2ರ ಬಡ್ಡಿಯಿದೆ. 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಅಂದರೆ ವರ್ಷಕ್ಕೆ 2.46 ಲಕ್ಷ ಬರುತ್ತದೆ. ಮನೆಗೆ ಹಾಕುವ ಹಣದ ಅರ್ಧಕ್ಕಿಂತ ಕಡಿಮೆ ಮೊತ್ತ ಮನೆಗಿಂತ ಹೆಚ್ಚು ಆದಾಯ ಕೊಡುತ್ತದೆ; ಉಳಿದ 16 ಲಕ್ಷ ನಿಮ್ಮ ಬಳಿಯೇ ಇರುತ್ತದೆ; ಮಗನ ಹಣವನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಮನೆಯ ಪರವಾಗಿ ಹೇಳಬಹುದಾದ ಮಾತುಗಳೂ ಇವೆ ಎಂಬುದನ್ನು ಒಪ್ಪುತ್ತೇವೆ. ಯೋಜನೆಯ ಬಡ್ಡಿ ಐದು ವರ್ಷ ಒಂದೇ ಆಗಿದ್ದರೆ ಬಾಡಿಗೆ ಆಗಾಗ್ಗೆ ಏರುತ್ತದೆ. ಬಡ್ಡಿ ಪೂರ್ತಿಯಾಗಿ ತೆರಿಗೆಗೆ ಒಳಪಟ್ಟರೆ, ಬಾಡಿಗೆಯಲ್ಲಿ ಆಸ್ತಿ ತೆರಿಗೆಯನ್ನು ಕಳೆದ ಮೇಲೆ ಉಳಿದದ್ದರ ಶೇ 30 ಭಾಗಕ್ಕೆ ತೆರಿಗೆಯಿಲ್ಲ. ನೆಲದ ಬೆಲೆಯೂ ಏರಬಹುದು. ಆದರೆ ತೆಂಗಿನ ತೋಟ ಕೊಳ್ಳುವಾಗ ನಿಮ್ಮ ಊರಿನವರು ನೆಲದ ಬೆಲೆಯನ್ನೂ ಕಾಯಿಯ ಇಳುವರಿಯನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕುವಂತೆ ಇಲ್ಲಿಯೂ ಹಾಕಬೇಕು. ನೆಲದ ಬೆಲೆ ಏರುವುದು ಮಾರಿದ ದಿನ ಮಾತ್ರ ಕೈಗೆ ಬರುವ ಲಾಭ. ಆಸ್ಪತ್ರೆಯ ಖರ್ಚು ಎದುರಾದಾಗ ಮೊದಲ ಮಹಡಿಯನ್ನಷ್ಟೇ ಬಿಡಿಸಿ ಒಂದು ವಾರದಲ್ಲಿ ಮಾರಲಾಗುವುದಿಲ್ಲ. ನಿವೃತ್ತರಾದವರಿಗೆ ಬೇಕಾದದ್ದು ಪ್ರತಿ ತಿಂಗಳ ಆದಾಯ ಮತ್ತು ಅಗತ್ಯ ಬಿದ್ದಾಗ ಸಿಗುವ ಹಣ; ಈ ಮನೆ ಮೊದಲನೆಯದನ್ನು ಅಲ್ಪವಾಗಿ ಕೊಡುತ್ತದೆ, ಎರಡನೆಯದನ್ನು ಕೊಡುವುದೇ ಇಲ್ಲ. ಇದಲ್ಲದೆ, ತಿಪಟೂರಿನಿಂದ ತುಮಕೂರಿಗೆ ಎಪ್ಪತ್ತು ಕಿಲೊಮೀಟರ್‌ಗೂ ಹೆಚ್ಚಿನ ದಾರಿ. ನೀರಿನ ಮೋಟಾರು ಕೆಟ್ಟಿತೆಂದು ರಾತ್ರಿ ಫೋನು ಬಂದಾಗ ಓಡುವವರು ಯಾರು ಎಂಬುದನ್ನು ಮನೆಯವರೊಂದಿಗೆ ಕುಳಿತು ಮೊದಲೇ ಮಾತನಾಡಿಕೊಳ್ಳಬೇಕು.

ಇಷ್ಟಾದ ಮೇಲೂ ಕೊಳ್ಳುವ ಮನಸ್ಸಿದ್ದರೆ ಎರಡು ವಿಷಯಗಳನ್ನು ಮರೆಯಬೇಡಿ. ಬೆಲೆ 50 ಲಕ್ಷ ಅಥವಾ ಅದಕ್ಕೂ ಮೇಲಿದ್ದಾಗ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ನ್ನು ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟುವ ಹೊಣೆ ಕೊಳ್ಳುವವರದು. ನಿಮ್ಮ ವಿಷಯದಲ್ಲಿ ಅದು 58 ಸಾವಿರ. ಇನ್ನು, ಒಂದು ಭಾಗವನ್ನು ನಗದಾಗಿ ಕೊಟ್ಟು ಕ್ರಯಪತ್ರದಲ್ಲಿ ಕಡಿಮೆ ಬೆಲೆ ತೋರಿಸೋಣ ಎಂಬ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ನಗದನ್ನು ಪಡೆಯುವುದಕ್ಕೆ ಕಾನೂನಿನ ನಿಷೇಧವಿದೆ. ಮುಂದೆ ನೀವು ಮಾರುವಾಗಲೂ ಪತ್ರದಲ್ಲಿರುವ ಬೆಲೆಯೇ ನಿಮ್ಮ ಖರೀದಿ ಬೆಲೆಯಾಗುವುದರಿಂದ, ಇಂದು ಉಳಿಸಿದಂತೆ ಕಾಣುವ ಹಣ ಅಂದು ಲಾಭವೆಂದು ಲೆಕ್ಕವಾಗಿ ತೆರಿಗೆಯನ್ನು ಹೆಚ್ಚಿಸುತ್ತದೆ.

ಪ್ರಶ್ನೆ: ಶಿರಾ ರಸ್ತೆಯ ಪಕ್ಕದ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ನನಗೆ 30–40ರ ಸೈಟು ಇದೆ, ದಾಖಲೆ 11ಬಿ. ವಸಂತನರಸಾಪುರದ ಕಾರ್ಖಾನೆಗಳ ನೌಕರರಿಗೆಂದು ನಾಲ್ಕು ಚಿಕ್ಕ ಮನೆಗಳನ್ನು ಕಟ್ಟಿಸಿದರೆ ತಲಾ 5,500 ರೂಪಾಯಿಯಂತೆ ಬಾಡಿಗೆ ಬರಬಹುದು. ಬ್ಯಾಂಕಿನವರು ಸಾಲ ಕೊಡಲಿಲ್ಲ. ಖಾಸಗಿ ಫೈನಾನ್ಸ್ ಒಂದರವರು ಶೇ 14ರ ಬಡ್ಡಿಗೆ 20 ಲಕ್ಷ ಕೊಡಲು ಸಿದ್ಧರಿದ್ದಾರೆ. ಮುಂದುವರಿಯಲೇ? — ತುಮಕೂರು ತಾಲ್ಲೂಕು

ಉತ್ತರ: 20 ಲಕ್ಷಕ್ಕೆ ಶೇ 14ರಂತೆ ಆರಂಭದಲ್ಲಿ ತಿಂಗಳ ಬಡ್ಡಿಯೇ 23 ಸಾವಿರ ದಾಟುತ್ತದೆ. ನಾಲ್ಕೂ ಮನೆಗಳು ತುಂಬಿದಾಗಲೂ ಬಾಡಿಗೆ 22 ಸಾವಿರ. ಬಡ್ಡಿಗೇ ಸಾಲದ ಆದಾಯವನ್ನು ನಂಬಿ ಅಸಲನ್ನು ತೀರಿಸುವ ದಾರಿಯಿಲ್ಲ. ಈ ಒಂದು ಕಾರಣವೇ ಯೋಜನೆಯನ್ನು ಕೈಬಿಡಲು ಸಾಕು.

ಆದರೆ ಬ್ಯಾಂಕು ಏಕೆ ಹಿಂದೆ ಸರಿಯಿತು ಎಂಬುದನ್ನೂ ನೀವು ತಿಳಿದುಕೊಳ್ಳಬೇಕು. ಭೂಪರಿವರ್ತನೆಯಾಗಿ, ಯೋಜನಾ ಪ್ರಾಧಿಕಾರದ ಒಪ್ಪಿಗೆ ಪಡೆದ ಬಡಾವಣೆಯ ಸೈಟಿಗೆ ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಗಣಕೀಕೃತ ದಾಖಲೆ ವ್ಯವಸ್ಥೆ) ನಮೂನೆ 9 ಮತ್ತು 11ಎ ಸಿಗುತ್ತವೆ. ಆ ಒಪ್ಪಿಗೆಗಳಿಲ್ಲದ ಆಸ್ತಿಯನ್ನು ತೆರಿಗೆಯ ಸಲುವಾಗಿ 11ಬಿಯಲ್ಲಿ ದಾಖಲಿಸಲಾಗುತ್ತದೆ. ತೆರಿಗೆ ಕಟ್ಟಿದ ರಸೀದಿಯಿಂದ ಬಡಾವಣೆ ಸಕ್ರಮವಾಗುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪೊಂದರಲ್ಲಿ, ಕಟ್ಟಡ ಪೂರ್ಣಗೊಂಡ ಅಥವಾ ವಾಸಯೋಗ್ಯವೆಂಬ ಪ್ರಮಾಣಪತ್ರವನ್ನು ನೋಡಿದ ಮೇಲೆಯೇ ವಿದ್ಯುತ್, ನೀರು ಮತ್ತು ಒಳಚರಂಡಿಯ ಸಂಪರ್ಕ ಕೊಡಬೇಕೆಂದೂ, ಕಟ್ಟಡದ ಆಧಾರದ ಮೇಲೆ ಸಾಲ ನೀಡುವ ಬ್ಯಾಂಕುಗಳೂ ಅದನ್ನು ಪರಿಶೀಲಿಸಬೇಕೆಂದೂ ನಿರ್ದೇಶಿಸಲಾಗಿದೆ. ಮಂಜೂರಾದ ನಕ್ಷೆಯಿಲ್ಲದೆ ನಾಲ್ಕು ಮನೆ ಕಟ್ಟಿಸಿ, ಕೊನೆಗೆ ನಾಲ್ಕು ಮೀಟರು ಸಿಗದೆ ಹೋದರೆ ಆ ಮನೆಗಳಿಗೆ ಬಾಡಿಗೆದಾರರು ಬರುವುದಿಲ್ಲ. ಸ್ವಂತ ಮೀಟರು ಇಲ್ಲದ ಮನೆಗೆ ಗೃಹಜ್ಯೋತಿಯ ಸೌಲಭ್ಯವೂ ದೊರೆಯದು. ಕಡಿಮೆ ಸಂಬಳದ ನೌಕರರು ಮನೆ ಹುಡುಕುವಾಗ ಈಗ ಮೊದಲು ಕೇಳುವುದೇ ಅದನ್ನು.

ಇನ್ನೊಂದು ಪರಿಶೀಲನೆಯನ್ನು ಸೈಟು ಕೊಳ್ಳುವ ಮುನ್ನವೇ ಮಾಡಬೇಕಿತ್ತು, ಈಗಲಾದರೂ ಮಾಡಿಸಿ. ಮೂಲ ಜಮೀನು ಸರ್ಕಾರದಿಂದ ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಮಂಜೂರಾಗಿದ್ದು, ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರಾಟವಾಗಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಆ ಮಾರಾಟ ಅಸಿಂಧು. 2023ರ ತಿದ್ದುಪಡಿಯ ನಂತರ ಇಂತಹ ಜಮೀನನ್ನು ಮರಳಿ ಕೇಳಲು ಕಾಲಮಿತಿಯೂ ಇಲ್ಲ. ಬಡ ಕುಟುಂಬಗಳ ನೆಲವನ್ನು ಉಳಿಸಲೆಂದೇ ಇರುವ ಕಾನೂನು ಇದು. ಅದನ್ನು ತಿಳಿದು ನಡೆಯುವುದು ಕೊಳ್ಳುವವರ ಕರ್ತವ್ಯ. ಹದಿಮೂರು ವರ್ಷದ ಋಣಭಾರ ಪತ್ರ ನೋಡಿ ಸುಮ್ಮನಾಗದೆ, ಮೂಲ ಮಂಜೂರಾತಿಯವರೆಗೂ ಹಿಂದಕ್ಕೆ ಹೋಗಿ ದಾಖಲೆ ನೋಡುವಂತೆ ಸಿವಿಲ್ ವಕೀಲರನ್ನು ಕೇಳಿಕೊಳ್ಳಿ.

ಪ್ರಶ್ನೆ: ನಾವಿಬ್ಬರೂ ಉದ್ಯೋಗದಲ್ಲಿದ್ದೇವೆ. ಬಟವಾಡಿಯ ಹತ್ತಿರ 52 ಲಕ್ಷದ ಫ್ಲಾಟು ನೋಡಿದ್ದೇವೆ. 40 ಲಕ್ಷ ಸಾಲ ಪಡೆದು, ಫ್ಲಾಟನ್ನು 13 ಸಾವಿರಕ್ಕೆ ಬಾಡಿಗೆಗೆ ಕೊಡುವ ಯೋಚನೆ. ಬಾಡಿಗೆಯಲ್ಲಿ ಕಂತಿನ ಒಂದು ಭಾಗ ತೀರುತ್ತದೆ, ತೆರಿಗೆಯೂ ಉಳಿಯುತ್ತದೆ, ಮೆಟ್ರೊ ಬಂದರೆ ಬೆಲೆ ಎರಡರಷ್ಟಾಗುತ್ತದೆ ಎನ್ನುತ್ತಾರೆ. ಇದು ಸರಿಯೇ? — ತುಮಕೂರು

ಉತ್ತರ: ನಿಮಗೆ ಹೇಳಿರುವ ಮೂರು ಮಾತುಗಳಲ್ಲಿ ಮೊದಲನೆಯದು ಅರ್ಧ ನಿಜ, ಎರಡನೆಯದು ನೀವು ಆರಿಸಿಕೊಂಡಿರುವ ತೆರಿಗೆ ಪದ್ಧತಿಯನ್ನು ಅವಲಂಬಿಸಿದ್ದು, ಮೂರನೆಯದು ಭರವಸೆ ಮಾತ್ರ.

ಶೇ 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ 40 ಲಕ್ಷದ ಕಂತು ತಿಂಗಳಿಗೆ ಸುಮಾರು 34,700 ರೂಪಾಯಿ. 13 ಸಾವಿರ ಬಾಡಿಗೆ ಬಂದರೂ 21,700 ರೂಪಾಯಿಯನ್ನು ಸಂಬಳದಿಂದ ತುಂಬಬೇಕು. ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕ ಇದಕ್ಕೆ ಸೇರಿಲ್ಲ. ಬಾಡಿಗೆದಾರರಿಲ್ಲದ ತಿಂಗಳಲ್ಲಿ ಪೂರ್ತಿ ಕಂತು ನಿಮ್ಮದೇ. ಇಬ್ಬರಲ್ಲಿ ಒಬ್ಬರ ಕೆಲಸ ಆರು ತಿಂಗಳು ನಿಂತರೂ ಕಂತು ತಪ್ಪದಿರುವಷ್ಟು ಹಣ ಬೇರೆಯಾಗಿ ಇದೆಯೇ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಇಲ್ಲವೆಂದಾದರೆ ಮೊದಲು ಅದನ್ನು ಕೂಡಿಸಿ, ಫ್ಲಾಟಿನ ವಿಚಾರವನ್ನು ಆಮೇಲೆ ನೋಡಿ.

ತೆರಿಗೆಯ ವಿಷಯ ಹೀಗಿದೆ. ಮೊದಲ ವರ್ಷ ನೀವು ಕಟ್ಟುವ ಬಡ್ಡಿ ಸುಮಾರು 3.37 ಲಕ್ಷ. ವರ್ಷದ ಬಾಡಿಗೆ 1.56 ಲಕ್ಷದಲ್ಲಿ ಶೇ 30 ಕಳೆದು ಉಳಿಯುವುದು 1.09 ಲಕ್ಷ. ಅದರಿಂದ ಬಡ್ಡಿಯನ್ನು ಕಳೆದರೆ ಎರಡೂಕಾಲು ಲಕ್ಷಕ್ಕೂ ತುಸು ಹೆಚ್ಚು ನಷ್ಟ ಕಾಣುತ್ತದೆ. ಹಳೆಯ ಪದ್ಧತಿಯಲ್ಲಿದ್ದರೆ ಇದರಲ್ಲಿ 2 ಲಕ್ಷದವರೆಗೆ ಸಂಬಳದ ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿದ್ದರೆ ಮನೆಯ ನಷ್ಟವನ್ನು ಸಂಬಳದಿಂದ ಕಳೆಯಲು ಅವಕಾಶವೇ ಇಲ್ಲ. ನೀವಿಬ್ಬರೂ ಯಾವ ಪದ್ಧತಿಯಲ್ಲಿದ್ದೀರಿ ಎಂಬುದನ್ನು ಪತ್ರದಲ್ಲಿ ತಿಳಿಸಿಲ್ಲ. ಹೊಸ ಪದ್ಧತಿಯಲ್ಲಿದ್ದು ತೆರಿಗೆ ಉಳಿತಾಯವನ್ನು ಲೆಕ್ಕಕ್ಕೆ ಹಿಡಿದಿದ್ದರೆ ಆ ಲೆಕ್ಕವೇ ತಪ್ಪಾಗುತ್ತದೆ. ಹಳೆಯ ಪದ್ಧತಿಯಲ್ಲಿಯೂ ತೆರಿಗೆಯಾಗಿ ಉಳಿಯುವುದು ನಷ್ಟದ ಒಂದು ಪಾಲೇ ಹೊರತು ನಷ್ಟವೇ ಲಾಭವಾಗಿ ಬದಲಾಗುವುದಿಲ್ಲ.

ಮೆಟ್ರೊ ವಿಚಾರದಲ್ಲಿ ನಮ್ಮ ಜಿಲ್ಲೆಯದೇ ಅನುಭವವನ್ನು ನೋಡಬಹುದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆ ನಡೆದದ್ದು 2016ರ ಜನವರಿಯಲ್ಲಿ. ಅದು ಉದ್ಘಾಟನೆಯಾದದ್ದು 2023ರ ಫೆಬ್ರುವರಿಯಲ್ಲಿ. ಶಂಕುಸ್ಥಾಪನೆಯಾದ ಯೋಜನೆಗೇ ಏಳು ವರ್ಷ ಹಿಡಿಯಿತು. ತಿಂಗಳಿಗೆ 21,700ರಂತೆ ಏಳು ವರ್ಷ ಕೈಯಿಂದ ತುಂಬಿದರೆ 18 ಲಕ್ಷ ದಾಟುತ್ತದೆ. ಬೆಂಗಳೂರಿನ ಹಸಿರು ಮಾರ್ಗ ಮಾದಾವರಕ್ಕೆ ಬಂದದ್ದು 2024ರ ನವೆಂಬರ್‌ನಲ್ಲಿ. ಅಲ್ಲಿಂದ ತುಮಕೂರಿಗೆ ಬರುವುದು ಐವತ್ತು ಕಿಲೊಮೀಟರ್ ಮೀರಿದ ಮಾರ್ಗದ ಪ್ರಸ್ತಾವ. ಅದು ಬರಲಿ ಎಂದು ನಾವೂ ಮನಸಾರೆ ಬಯಸುತ್ತೇವೆ. ಆದರೆ ಬಂದಾಗ ಬರುವ ಬೆಲೆಯನ್ನು ಇಂದೇ ಕೊಟ್ಟು ಕೊಂಡರೆ, ಕಾಯುವ ಕಷ್ಟ ನಿಮ್ಮದಾಗಿ ಲಾಭ ಮಾರಿದವರದಾಗುತ್ತದೆ.

ನಿಮ್ಮ ವಯಸ್ಸಿನವರಿಗೆ ನಾವು ಹೇಳುವುದು ಇಷ್ಟು: ನೀವೇ ವಾಸಿಸಲು ಮನೆ ಬೇಕಿದ್ದು, ಈಗ ಕಟ್ಟುತ್ತಿರುವ ಬಾಡಿಗೆ ಉಳಿಯುವಂತಿದ್ದರೆ ಸಾಲ ಮಾಡಿ ಕೊಳ್ಳುವುದರಲ್ಲಿ ಅರ್ಥವಿದೆ. ಬಾಡಿಗೆಗೆಂದೇ ಕೊಳ್ಳುವುದಾದರೆ ಸಾಲ ಬೆಲೆಯ ಅರ್ಧವನ್ನು ಮೀರದಿರಲಿ. ಫ್ಲಾಟು ಯಾವುದೇ ಇರಲಿ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆಯನ್ನು ಆ ಪ್ರಾಧಿಕಾರದ ಜಾಲತಾಣದಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ನಿಮ್ಮ ಪಾಲಿಗೆ ಬರುವ ಅವಿಭಜಿತ ನೆಲ ಎಷ್ಟು ಚದರಡಿ ಎಂಬುದನ್ನು ಕ್ರಯಪತ್ರದಲ್ಲಿ ಬರೆಸಿ, ಏಕೆಂದರೆ ಕಟ್ಟಡ ಹಳತಾದಂತೆ ಬೆಲೆ ಉಳಿಯುವುದು ಆ ನೆಲಕ್ಕೇ. ನೀರಿನ ವ್ಯವಸ್ಥೆಯನ್ನು ಬೇಸಿಗೆಯಲ್ಲಿಯೇ ಹೋಗಿ ವಿಚಾರಿಸಿ. ಹೇಮಾವತಿಯ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ನಗರಕ್ಕೆ ಪೂರೈಕೆಯಾಗುವ ಊರು ನಮ್ಮದು. ನಲ್ಲಿ ಸಂಪರ್ಕವಿಲ್ಲದೆ ಕೊಳವೆಬಾವಿಯನ್ನಷ್ಟೇ ನಂಬಿದ ಕಟ್ಟಡದಲ್ಲಿ ಏಪ್ರಿಲ್ ತಿಂಗಳ ಟ್ಯಾಂಕರ್ ಖರ್ಚು ಬಾಡಿಗೆಯನ್ನು ತಿಂದುಹಾಕುತ್ತದೆ.

ಪ್ರಶ್ನೆ: ಮೊದಲ ಮಹಡಿಯ ಮನೆಯನ್ನು ಮೂರು ವರ್ಷಕ್ಕೆ 9 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟು, ಆ ಹಣದಲ್ಲಿ ಮೇಲಿನ ಮಹಡಿ ಕಟ್ಟಿಸಿದೆವು. ಅವಧಿ ಮುಗಿಯುತ್ತಾ ಬಂದಿದೆ, ಅವರು ಹಣ ಕೇಳುತ್ತಿದ್ದಾರೆ. ಹೊಸದಾಗಿ ಬರುವವರು 7 ಲಕ್ಷಕ್ಕಿಂತ ಹೆಚ್ಚು ಕೊಡುತ್ತಿಲ್ಲ. ಏನು ಮಾಡುವುದು? — ಶಿರಾ ಗೇಟ್, ತುಮಕೂರು

ಉತ್ತರ: ಭೋಗ್ಯದ ಹಣ ನಿಮ್ಮ ಆದಾಯವಲ್ಲ, ಸಾಲ. 9 ಲಕ್ಷಕ್ಕೆ ಶೇ 9ರಂತೆ ತಿಂಗಳ ಬಡ್ಡಿ 6,750 ರೂಪಾಯಿ. ಆ ಬಡ್ಡಿಯನ್ನು ಬಾಡಿಗೆ ಬಿಟ್ಟುಕೊಡುವ ಮೂಲಕ ಮೂರು ವರ್ಷವೂ ಕಟ್ಟಿದ್ದೀರಿ, ಅಸಲು ಹಾಗೆಯೇ ನಿಂತಿದೆ. ಈಗ ಮೇಲಿನ ಮಹಡಿಯಿಂದ ಬರುತ್ತಿರುವ ಬಾಡಿಗೆಯನ್ನು ಆಧಾರವಾಗಿ ತೋರಿಸಿ, ಕೊರತೆಯ 2 ಲಕ್ಷಕ್ಕೆ ಬ್ಯಾಂಕಿನಲ್ಲಿ ಅಡಮಾನ ಸಾಲವನ್ನೋ ಚಿನ್ನದ ಸಾಲವನ್ನೋ ಪಡೆಯಿರಿ. ಸಾಧ್ಯವಾದರೆ ಪೂರ್ತಿ 9 ಲಕ್ಷಕ್ಕೇ ಅಡಮಾನ ಸಾಲ ಪಡೆದು, ಮೊದಲ ಮಹಡಿಯನ್ನು ತಿಂಗಳ ಬಾಡಿಗೆಗೆ ಬದಲಾಯಿಸುವುದು ಇನ್ನೂ ಒಳ್ಳೆಯದು. ಆಗ ಅಸಲು ತಿಂಗಳು ತಿಂಗಳೂ ಕರಗುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಆ ಮನೆಯ ಮೇಲೆ ಈಗಾಗಲೇ ಬ್ಯಾಂಕಿನ ಸಾಲವಿದ್ದರೆ ಅದನ್ನು ಮುಚ್ಚಿಟ್ಟು ಭೋಗ್ಯಕ್ಕೆ ಕೊಡಬೇಡಿ. ಕಂತು ನಿಂತು ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ವಶಕ್ಕೆ ತೆಗೆದುಕೊಂಡಾಗ ಬೀದಿಗೆ ಬರುವುದು ಭೋಗ್ಯಕ್ಕೆ ಬಂದ ಕುಟುಂಬ; ಅವರು ಕೊಟ್ಟದ್ದು ಬಹುಪಾಲು ಮಗಳ ಮದುವೆಗೋ ಸೈಟಿಗೋ ಕೂಡಿಟ್ಟ ಹಣವಾಗಿರುತ್ತದೆ. ಒಂದು ವರ್ಷವನ್ನು ಮೀರಿದ ಅವಧಿಯ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ಹೊಸ ಕರಾರನ್ನಾದರೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಮಾಡಿಸಿ, ಖರ್ಚನ್ನು ಇಬ್ಬರೂ ಹಂಚಿಕೊಳ್ಳಿ.

ಪ್ರಶ್ನೆ: ಜಯನಗರದಲ್ಲಿರುವ ನಮ್ಮ ಮನೆಯ ಬಾಡಿಗೆ 11 ಸಾವಿರ, ಅಡ್ವಾನ್ಸ್ 50 ಸಾವಿರ. ಹನ್ನೊಂದು ತಿಂಗಳ ಕರಾರು ಕಳೆದ ವರ್ಷವೇ ಮುಗಿದಿದೆ. ಐದು ತಿಂಗಳಿಂದ ಬಾಡಿಗೆ ಬಂದಿಲ್ಲ, ಖಾಲಿಯೂ ಮಾಡುತ್ತಿಲ್ಲ. ನೀರು, ಕರೆಂಟು ನಿಲ್ಲಿಸಿ ಬೀಗ ಹಾಕಿಬಿಡು ಎಂದು ನಮ್ಮಣ್ಣ ಹೇಳುತ್ತಾರೆ. ನಾನು ಒಬ್ಬಳೇ ಇದನ್ನೆಲ್ಲ ನೋಡಿಕೊಳ್ಳಬೇಕಾಗಿದೆ. — ಕುಣಿಗಲ್

ಉತ್ತರ: ಅಣ್ಣನವರ ಕೋಪ ಅರ್ಥವಾಗುವಂಥದ್ದೇ. ಆದರೂ ಆ ಕೆಲಸಕ್ಕೆ ಖಂಡಿತ ಕೈಹಾಕಬೇಡಿ. ಇಂದು ಬಾಕಿದಾರರಾಗಿರುವ ಅವರು ನೀರು, ವಿದ್ಯುತ್ ನಿಂತ ಕೂಡಲೇ ದೂರುದಾರರಾಗುತ್ತಾರೆ. ನ್ಯಾಯಾಲಯದ ಆದೇಶವಿಲ್ಲದೆ ಬೀಗ ಹಾಕಿದರೆ ಪೊಲೀಸ್ ಠಾಣೆಗೆ ಹೋಗಿ ನಿಲ್ಲಬೇಕಾದವರು ನೀವಾಗುತ್ತೀರಿ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದು ತಿಂಗಳಿಗೆ ಗರಿಷ್ಠ 3,500 ರೂಪಾಯಿ, ಕೆಲವು ಕಡೆ 2,000 ರೂಪಾಯಿವರೆಗಿನ ಬಾಡಿಗೆಯ ಕಟ್ಟಡಗಳಿಗೆ. ನಿಮ್ಮ ಮನೆ ಆ ಮಿತಿಯ ಹೊರಗಿರುವುದರಿಂದ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ನಡೆಯಬೇಕು. ಕರಾರು ಮುಗಿದ ಮೇಲೂ ಬಾಡಿಗೆ ಪಡೆಯುತ್ತಿದ್ದುದರಿಂದ ಅದು ತಿಂಗಳ ಬಾಡಿಗೆಯಾಗಿ ಮುಂದುವರಿದಿದೆ ಎಂದೇ ತಿಳಿದು, ಹದಿನೈದು ದಿನಗಳ ಅವಧಿ ಕೊಟ್ಟು ವಕೀಲರ ಮೂಲಕ ನೋಟಿಸು ಕಳುಹಿಸಿ. ಅದಕ್ಕೂ ಜಗ್ಗದಿದ್ದರೆ ಸ್ವಾಧೀನ ಮತ್ತು ಬಾಕಿಗಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು.

ದಾವೆಗೆ ಹಿಡಿಯುವ ಕಾಲವನ್ನು ನೆನೆದರೆ, ಅದಕ್ಕೆ ಮೊದಲು ಇನ್ನೊಂದು ದಾರಿಯನ್ನು ನೋಡುವುದು ಲೇಸು. ತುಮಕೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ, ದಾವೆ ಹೂಡುವ ಮುನ್ನವೇ ಇಬ್ಬರನ್ನೂ ಕರೆಸಿ ರಾಜಿಗೆ ಪ್ರಯತ್ನಿಸುತ್ತಾರೆ. ಲೋಕ ಅದಾಲತ್ತಿನಲ್ಲಿ ಆದ ಒಪ್ಪಂದಕ್ಕೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲು ಇಲ್ಲ. ಮಹಿಳೆಯರಿಗೆ ಅಲ್ಲಿ ಉಚಿತ ವಕೀಲರ ನೆರವೂ ಸಿಗುತ್ತದೆ. ಅದನ್ನು ಕೇಳಿ ಪಡೆಯಲು ಹಿಂಜರಿಯಬೇಡಿ. ಐದು ತಿಂಗಳ ಬಾಕಿ 55 ಸಾವಿರ, ಅಡ್ವಾನ್ಸ್ ಆಗಲೇ ಮುಗಿದಿದೆ. ನಿಗದಿತ ದಿನಾಂಕದೊಳಗೆ ಖಾಲಿ ಮಾಡುವುದಾದರೆ ಅಡ್ವಾನ್ಸಿಗೆ ಬಾಕಿಯನ್ನು ವಜಾ ಮಾಡಿ, ಮೇಲಿನ 5 ಸಾವಿರವನ್ನು ಬಿಟ್ಟುಕೊಡಲು ಸಿದ್ಧರಾಗಿ; ಅದು ದಾವೆಯ ಖರ್ಚಿಗಿಂತ ಎಷ್ಟೋ ಕಡಿಮೆ. ಒಪ್ಪಂದ ಬರವಣಿಗೆಯಲ್ಲಿರಲಿ. ಕೀಲಿ ಪಡೆಯುವ ದಿನ ವಿದ್ಯುತ್ ಬಿಲ್ಲಿನ ಬಾಕಿ ನೋಡಿಕೊಳ್ಳಿ ಮತ್ತು ಅವರ ಆಧಾರ್‌ಗೆ ಜೋಡಿಸಿರುವ ಗೃಹಜ್ಯೋತಿಯ ಸಂಪರ್ಕವನ್ನು ಅವರಿಂದಲೇ ತೆಗೆಸಿ. ಇಲ್ಲವಾದರೆ ಮುಂದೆ ಬರುವ ಬಾಡಿಗೆದಾರರು ತಮ್ಮ ಹೆಸರನ್ನು ಆ ಮೀಟರಿಗೆ ಸೇರಿಸಲು ತೊಂದರೆಯಾಗುತ್ತದೆ.